ರೋಸ್‌ಮರಿ ಒಣಗಿದ್ದು ಬಿಸಿಲಿಗಲ್ಲ, ಆಷಾಢಕ್ಕೆ

ಪ್ರಶ್ನೆ: ನಮಸ್ಕಾರ ಮೇಡಂ. ಬನಶಂಕರಿ ಮೂರನೇ ಹಂತದಲ್ಲಿ ಎರಡನೇ ಮಹಡಿಯ ಮನೆ ನಮ್ಮದು. ಜನವರಿಯಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ರೋಸ್‌ಮರಿ, ಲ್ಯಾವೆಂಡರ್, ಥೈಮ್ ಮತ್ತು ಒಂದು ಪುಟ್ಟ ಆಲಿವ್ ಗಿಡ ತಂದೆ. ಹಾಲ್‌ನಲ್ಲಿ ಒಂದು ಮೆಡಿಟರೇನಿಯನ್ ಮೂಲೆ ಮಾಡುವ ಆಸೆ. ದಕ್ಷಿಣದ ಕಿಟಕಿ ಹತ್ತಿರ ಇಡಿ ಎಂದು ವಿಡಿಯೋಗಳಲ್ಲಿ ಹೇಳುತ್ತಾರೆ, ಹಾಗೇ ಇಟ್ಟೆ. ದಿನ ಬಿಟ್ಟು ದಿನ ಒಂದು ಲೋಟ ನೀರು. ಮೇ ತನಕ ಚೆನ್ನಾಗಿದ್ದವು. ಆಗಸ್ಟ್ ಹೊತ್ತಿಗೆ ರೋಸ್‌ಮರಿ ಕಡ್ಡಿಯಾಯಿತು, ಲ್ಯಾವೆಂಡರ್ ಬುಡದಿಂದ ಕಪ್ಪಾಯಿತು, ಥೈಮ್ ಅದಕ್ಕೂ ಮೊದಲೇ ಹೋಯಿತು. ಆಲಿವ್ ಬದುಕಿದೆ, ಎಲೆ ಉದುರಿಸುತ್ತಿದೆ. ನಮ್ಮ ಬಿಸಿಲು ಇವಕ್ಕೆ ಹೆಚ್ಚಾಯಿತೇ? ಪೂರ್ವಕ್ಕೆ ಒಂದು ಸಣ್ಣ ಬಾಲ್ಕನಿ, ಅಡುಗೆಮನೆ ಕಿಟಕಿ ಇವೆ. ಮಳೆ ಎರಚುತ್ತದೆ ಎಂದು ಬಾಲ್ಕನಿಯಲ್ಲಿ ಇಡಲಿಲ್ಲ. ನಮ್ಮತ್ತೆ ‘ಈ ದುಡ್ಡಿಗೆ ಹತ್ತು ಕುಂಡ ದೊಡ್ಡಪತ್ರೆ ಬರ್ತಿತ್ತು’ ಅಂತ ದಿನಾ ಅನ್ನುತ್ತಾರೆ. ಬೆಂಗಳೂರಿನ ಮನೆಯೊಳಗೆ ಇವು ಸಾಧ್ಯವೇ ಇಲ್ಲವೇ?

ಉತ್ತರ: ಬಿಸಿಲು ಹೆಚ್ಚಾಗಿ ಸಾಯುವುದಿದ್ದರೆ ಏಪ್ರಿಲ್‌ನಲ್ಲೇ ಸಾಯಬೇಕಿತ್ತಲ್ಲ? ‘ಮೇ ತನಕ ಚೆನ್ನಾಗಿದ್ದವು’ ಅಂತ ನೀವೇ ಬರೆದಿದ್ದೀರಿ, ಉತ್ತರ ಅದರಲ್ಲೇ ಇದೆ. ನಮ್ಮೂರಿನ ಅತಿ ಬಿಸಿಯ, ಅತಿ ಒಣ ತಿಂಗಳುಗಳನ್ನು ಅವು ಆರಾಮಾಗಿ ದಾಟಿವೆ. ನಮಗೆ ಹಿತ ಅನ್ನಿಸುವ ಜೂನ್, ಜುಲೈ ಬಂದ ಮೇಲೆ ಸೋತಿವೆ.

ಈ ಗಿಡಗಳ ಪಂಚಾಂಗವೇ ಬೇರೆ. ಜಗತ್ತಿನ ಬಹುಪಾಲು ಕಡೆ ಸೆಕೆ ಮತ್ತು ಮಳೆ ಜೊತೆಯಲ್ಲಿ ಬರುತ್ತವೆ. ಇವುಗಳ ತವರಾದ ಮೆಡಿಟರೇನಿಯನ್ ಕಡೆ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ಇಂಥ ಹವೆ ಇರುವುದು ಐದೇ ಕಡೆ: ಮೆಡಿಟರೇನಿಯನ್ ಸಮುದ್ರದ ಸುತ್ತ, ಕ್ಯಾಲಿಫೋರ್ನಿಯಾದಲ್ಲಿ, ಚಿಲಿಯ ನಡುಭಾಗದಲ್ಲಿ, ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶದಲ್ಲಿ, ಆಸ್ಟ್ರೇಲಿಯಾದ ನೈಋತ್ಯ ಮತ್ತು ದಕ್ಷಿಣ ತುದಿಗಳಲ್ಲಿ. ಅಲ್ಲಿನ ಗಿಡ ಮೊದಲ ಮಳೆಗೆ ಎದ್ದು, ಚಳಿಗಾಲವೆಲ್ಲ ಬೆಳೆದು, ವಸಂತದಲ್ಲಿ ಹೂ ಬಿಟ್ಟು, ಬೇಸಿಗೆಯಲ್ಲಿ ಬಾಯಿ ಮುಚ್ಚಿ ಮಲಗುತ್ತದೆ. ಅಥೆನ್ಸ್‌ನಲ್ಲಿ ವರ್ಷಕ್ಕೆ ಬೀಳುವುದೇ ಸುಮಾರು 400 ಮಿಲಿಮೀಟರ್ ಮಳೆ. ಅದರಲ್ಲಿ ಜುಲೈ ಪಾಲು ಹನಿಯಷ್ಟು. ಬೆಂಗಳೂರಿಗೆ ಅದರ ಎರಡು ಪಟ್ಟಿಗಿಂತ ಹೆಚ್ಚು, ಅದೂ ಬಹುಪಾಲು ಮೇಯಿಂದ ಅಕ್ಟೋಬರ್ ಒಳಗೆ. ಅಂದರೆ ಅವು ಮಲಗಬೇಕಾದ ಹೊತ್ತಿಗೆ ನಾವು ನೀರೆರೆದು ಎಬ್ಬಿಸುತ್ತೇವೆ.

ಮನೆಯೊಳಗೆ ಗಿಡ ಬೆಳೆಸುವ ಪುಸ್ತಕ, ವಿಡಿಯೋಗಳೆಲ್ಲ ಚಳಿ ದೇಶದವು. ಅಲ್ಲಿ ಆಲಿವ್, ಕಿತ್ತಳೆ ಜಾತಿಯ ಗಿಡಗಳನ್ನು ಚಳಿಗಾಲದಲ್ಲಿ ಒಳಗೆ ತರುತ್ತಾರೆ, ಹಿಮಕ್ಕೆ ಸಾಯದಿರಲಿ ಅಂತ. ನಮಗೆ ಆ ಭಯವೇ ಇಲ್ಲ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಅಷ್ಟು ಚಳಿ ರೋಸ್‌ಮರಿಗೆ ಲೆಕ್ಕಕ್ಕೇ ಇಲ್ಲ. ಅವರಿಗೆ ಸೂರು ಅಂದರೆ ಕಂಬಳಿ, ನಮಗೆ ಸೂರು ಅಂದರೆ ಕೊಡೆ. ಇದೊಂದು ತಿಳಿದುಕೊಂಡರೆ ಉಳಿದದ್ದೆಲ್ಲ ಸಲೀಸು: ಮೃಗಶಿರಾ ಮಳೆ ಶುರುವಾಗುವ ಮುಂಚೆ, ಅಂದರೆ ಜೂನ್ ಮೊದಲ ವಾರ, ಗಿಡ ಸೂರಿನಡಿಗೆ; ಸ್ವಾತಿ ಮಳೆ ಮುಗಿದು ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಬರುವ ಹೊತ್ತಿಗೆ ಹೊರಗೆ, ಅಥವಾ ಬಿಸಿಲು ಬೀಳುವ ಕಿಟಕಿಗೆ. ವರ್ಷಪೂರ್ತಿ ಒಂದೇ ಮೂಲೆಯಲ್ಲಿ ಒಂದೇ ಭಂಗಿಯಲ್ಲಿ ಇರುವ ಅಲಂಕಾರ ಬೇಕೆಂದರೆ ಈ ಗಿಡಗಳು ಬೇಡ, ಮನಿ ಪ್ಲಾಂಟ್ ಇಡಿ. ಬೇಜಾರಾಗಬೇಡಿ, ಮೊದಲೇ ಹೇಳಿಬಿಡುವುದು ಒಳ್ಳೆಯದು.

ಈಗ ನಿಮ್ಮ ದಕ್ಷಿಣದ ಕಿಟಕಿಗೆ ಬರುತ್ತೇನೆ. ನಿಮ್ಮ ಗಿಡಗಳ ಸಾವಿನಲ್ಲಿ ಅರ್ಧ ಪಾಲು ಅದರದ್ದು.

‘ದಕ್ಷಿಣದ ಕಿಟಕಿ’ ಎಂಬ ಸಲಹೆ ಮ್ಯಾಡ್ರಿಡ್‌ಗೆ, ಲಂಡನ್ನಿಗೆ ಸರಿ. ಅಲ್ಲಿ ಸೂರ್ಯ ವರ್ಷವಿಡೀ ಮಧ್ಯಾಹ್ನ ದಕ್ಷಿಣಕ್ಕೇ ಇರುತ್ತಾನೆ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ತಾರಾಲಯದವರು ‘ಶೂನ್ಯ ನೆರಳಿನ ದಿನ’ ಎಂದು ಮಕ್ಕಳನ್ನು ಕರೆದು ತೋರಿಸುವುದನ್ನು ನೀವು ಪತ್ರಿಕೆಯಲ್ಲಿ ನೋಡಿರಬಹುದು. ಏಪ್ರಿಲ್ 24ರ ಆಸುಪಾಸು ಒಮ್ಮೆ, ಆಗಸ್ಟ್ 18ರ ಆಸುಪಾಸು ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ನೆಟ್ಟ ಕೋಲಿಗೆ ನೆರಳಿರುವುದಿಲ್ಲ. ಈ ಎರಡು ದಿನಗಳ ನಡುವಿನ ಸುಮಾರು ನಾಲ್ಕು ತಿಂಗಳು ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ. ಆಗ ದಕ್ಷಿಣದ ಕಿಟಕಿಗೆ ನೇರ ಬಿಸಿಲು ಒಂದು ಗೆರೆಯೂ ಬೀಳುವುದಿಲ್ಲ. ಅದರ ಮೇಲೆ ಮುಂಗಾರಿನ ಮೋಡ ಬೇರೆ. ನಿಮ್ಮ ಗಿಡಗಳು ಚೆನ್ನಾಗಿದ್ದದ್ದೂ ಬಾಡಿದ್ದೂ ಹೆಚ್ಚುಕಡಿಮೆ ಈ ದಿನಾಂಕಗಳಿಗೆ ಸರಿಯಾಗಿಯೇ.

ಚಳಿಗಾಲದಲ್ಲಾದರೂ ಆ ಕಿಟಕಿಯನ್ನು ಪೂರ್ತಿ ನಂಬುವಂತಿಲ್ಲ, ಸಜ್ಜಾ ಇದೆಯಲ್ಲ. ಡಿಸೆಂಬರ್ ಕೊನೆಯ ಮಧ್ಯಾಹ್ನ ನಮ್ಮ ಸೂರ್ಯ ದಿಗಂತದಿಂದ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ, ಮ್ಯಾಡ್ರಿಡ್‌ನಲ್ಲಿ 26. ಎರಡಡಿ ಸಜ್ಜಾ ಇದ್ದರೆ ಅದರ ನೆರಳು ಆ ಹೊತ್ತಿಗೆ ಎರಡೂಮುಕ್ಕಾಲು ಅಡಿ ಕೆಳಗಿನ ತನಕ ಇಳಿಯುತ್ತದೆ. ನಾಲ್ಕಡಿ ಕಿಟಕಿಯಲ್ಲಿ ಬಿಸಿಲು ಸಿಗುವುದು ಕೆಳಗಿನ ಒಂದೂಕಾಲು ಅಡಿಗೆ ಮಾತ್ರ. ಹಾಗಾಗಿ ಕುಂಡ ಕಿಟಕಿಯ ಕಟ್ಟೆಯ ಮೇಲೇ, ಗ್ರಿಲ್‌ಗೆ ತಾಗಿಕೊಂಡೇ ಇರಬೇಕು. ತಂತಿ ಕಟ್ಟಿ ಮೇಲೆ ತೂಗುಹಾಕಿದರೆ ನೆರಳಲ್ಲೇ ತೂಗುತ್ತದೆ. ‘ಕಿಟಕಿ ಹತ್ತಿರದ’ ಟೀಪಾಯಿಯೂ ಬೇಡ. ನಮ್ಮ ಕಣ್ಣು ಮೋಸ ಮಾಡುತ್ತದೆ: ಬಯಲಿನ ಮಧ್ಯಾಹ್ನದ ಬಿಸಿಲು ಒಂದು ಲಕ್ಷ ಲಕ್ಸ್ (ಬೆಳಕಿನ ಅಳತೆ) ಇದ್ದರೆ ಸೋಫಾ ಪಕ್ಕ ಇನ್ನೂರು ಮುನ್ನೂರು ಲಕ್ಸ್ ಇರುವುದೂ ಕಷ್ಟ, ಆದರೂ ‘ಹಾಲ್ ತುಂಬಾ ಬೆಳಕು’ ಅನ್ನಿಸುತ್ತದೆ. ಬಿಳಿ ಹಾಳೆಯ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ಬೆರಳುಗಳ ನೆರಳು ಒಂದೊಂದಾಗಿ ಕಂಡರೆ ರೋಸ್‌ಮರಿಗೆ ಜಾಗ ಉಂಟು. ಮಸುಕು ಮುದ್ದೆಯಾಗಿ ಕಂಡರೆ ಇಲ್ಲ.

ನಿಮಗೆ ನಿಜವಾದ ಆಸ್ತಿ ಆ ಪೂರ್ವದ ಬಾಲ್ಕನಿ ಮತ್ತು ಅಡುಗೆಮನೆ ಕಿಟಕಿ. ಎದುರು ಮನೆ ಮುಚ್ಚಿಹಾಕದಿದ್ದರೆ ಪೂರ್ವಕ್ಕೆ ವರ್ಷವಿಡೀ ಬೆಳಗಿನ ಬಿಸಿಲು ಇದ್ದೇ ಇರುತ್ತದೆ. ಎರಚಲಿನ ಭಯವೂ ನೀವಂದುಕೊಂಡಷ್ಟಿಲ್ಲ. ಜೂನ್‌ನಿಂದ ಆಗಸ್ಟ್ ತನಕ ಗಾಳಿ ಪಶ್ಚಿಮದ ಕಡೆಯಿಂದ ಬೀಸುವುದರಿಂದ ಪೂರ್ವದ ಬಾಲ್ಕನಿಯ ಒಳಗೋಡೆ ಹೆಚ್ಚು ನೆನೆಯುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರ್‌ನ ಸಂಜೆ ಗುಡುಗು ಮಳೆ ಮಾತ್ರ ದಿಕ್ಕು ನೋಡುವುದಿಲ್ಲ, ಆಗ ಒಳಗೆ ಎಳೆದುಕೊಳ್ಳಿ.

ಹಾಲ್‌ನಲ್ಲೇ ಇರಬೇಕು ಎಂಬ ಹಟ ಇದ್ದರೆ ಗ್ರೋ ಲೈಟ್, ಅಂದರೆ ಗಿಡ ಬೆಳೆಸಲೆಂದೇ ಮಾಡಿದ ದೀಪ, ಹಾಕಿ. ನೇರಳೆ ಬಣ್ಣದ್ದು ಬೇಡ, ಅದರಡಿ ಮನೆ ಸಿನಿಮಾ ಸೆಟ್ಟಿನಂತೆ ಕಾಣುತ್ತದೆ, ಗಿಡದ ರೋಗವೂ ಕಾಣುವುದಿಲ್ಲ. 30 ವ್ಯಾಟ್‌ನ ಬಿಳಿ ಎಲ್‌ಇಡಿ ಸಾಕು. ಗಿಡದ ತಲೆಯಿಂದ ಒಂದಡಿಯೊಳಗೆ, ದಿನಕ್ಕೆ 12 ಗಂಟೆ. ತಿಂಗಳಿಗೆ ಸುಮಾರು 11 ಯೂನಿಟ್ ಕರೆಂಟು. ಛಾವಣಿಗೆ ಹಾಕಿದ ದೀಪ ಎಷ್ಟೇ ಪ್ರಖರವಾಗಿದ್ದರೂ ಗಿಡ ತಲುಪುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ.

ಇನ್ನರ್ಧ ಪಾಲು ಆ ಒಂದು ಲೋಟದ್ದು.

ಒಂದು ರೋಸ್‌ಮರಿ ಎಲೆ ಕಿತ್ತು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಮೇಲ್ಮೈ ಮೇಣ ಸವರಿದಂತೆ ಮಿನುಗುತ್ತದೆ. ಎರಡೂ ಅಂಚು ಕೆಳಕ್ಕೆ ಮಡಚಿಕೊಂಡಿವೆ, ಮಡಿಕೆಯ ಒಳಗೆ ನಡುನರದ ಅಕ್ಕಪಕ್ಕ ಬಿಳಿ ಹತ್ತಿಯಂಥ ನವಿರು. ಗಿಡ ಉಸಿರಾಡುವ ರಂಧ್ರಗಳಿರುವುದು ಆ ಹತ್ತಿಯ ಮರೆಯಲ್ಲಿ. ಒಂದು ಹನಿ ನೀರನ್ನೂ ಸುಮ್ಮನೆ ಗಾಳಿಗೆ ಕೊಡದ ಎಲೆ ಇದು. ಇದರಿಂದ ಇನ್ನೊಂದು ತೊಂದರೆಯೂ ಇದೆ: ಎಲೆ ಎಷ್ಟು ಗಡಸು ಅಂದರೆ ತುಳಸಿಯ ಹಾಗೆ ಜೋತುಬಿದ್ದು ‘ನನಗೆ ಹುಷಾರಿಲ್ಲ’ ಅನ್ನುವುದಿಲ್ಲ. ಬೇರು ಕೊಳೆತ ಮೇಲೂ ಎಷ್ಟೋ ದಿನ ಹಸಿರಾಗಿಯೇ ನಿಂತಿರುತ್ತದೆ. ನೀವು ಆಗಸ್ಟ್‌ನಲ್ಲಿ ಕಂಡ ಸಾವು ಬಹುಶಃ ಜುಲೈಯಲ್ಲೇ ಆಗಿಹೋಗಿತ್ತು. ತುದಿ ಒಣಗುವುದು ಕಂಡಾಗ ನೀರು ಸಾಲದೇನೋ ಅಂತ ಇನ್ನೂ ಒಂದು ಲೋಟ ಹಾಕಿರುತ್ತೀರಿ. ನಾನೂ ಹಾಕಿದ್ದೆ. ‘ದಿನಾ ನೀರು ಕೊಡಿ ಮೇಡಂ’ ಎಂದ ನರ್ಸರಿಯವನ ಮಾತು ಕೇಳಿ, ತೋಟಗಾರಿಕೆ ಓದಿಯೂ, ಸಾಲಾಗಿ ಮೂರು ಗಿಡ ಕೊಂದಿದ್ದೇನೆ.

ಆಮೇಲೆ ಬುದ್ಧಿ ಬಂದು ಅಡುಗೆಮನೆಯ ತಕ್ಕಡಿ ಹಿಡಿದೆ. ಆರಂಗುಲದ ಮಣ್ಣಿನ ಕುಂಡದ ರೋಸ್‌ಮರಿ ನೀರು ಕುಡಿದು, ಸೋರುವುದು ನಿಂತ ಮೇಲೆ 3 ಕೆಜಿ 800 ಗ್ರಾಂ ತೂಗಿತು. ಒಳಗೆಲ್ಲ ಒಣಗಿದಾಗ 3 ಕೆಜಿ 300. ಮಾರ್ಚ್‌ನಲ್ಲಿ ಬಾಲ್ಕನಿಯಲ್ಲಿ ಆ ಅರ್ಧ ಕೆಜಿ ನಾಲ್ಕು ದಿನಕ್ಕೆ ಖಾಲಿಯಾಯಿತು. ಆಗಸ್ಟ್‌ನಲ್ಲಿ ಒಳಗಿಟ್ಟಾಗ ಹದಿಮೂರು ದಿನ ಹಿಡಿಯಿತು. ಗಿಡ ಅದೇ, ಕುಂಡ ಅದೇ. ಹಾಗಾಗಿ ‘ವಾರಕ್ಕೆ ಎಷ್ಟು ಸಲ’ ಎಂದು ನನ್ನನ್ನು ಕೇಳಬೇಡಿ, ಕುಂಡವನ್ನು ಎತ್ತಿ ನೋಡಿ. ನಾಲ್ಕು ಸಲ ತೂಗಿದರೆ ಐದನೇ ಸಲ ಕೈಗೇ ಗೊತ್ತಾಗುತ್ತದೆ. ಹಗುರಾದ ಮೇಲೆ, ತಳದಿಂದ ಸೋರುವಷ್ಟು ಧಾರಾಳವಾಗಿ ಕೊಡಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಚೂರುಚೂರು ನೀರು ಮೇಲಿನ ಮಣ್ಣನ್ನಷ್ಟೇ ಸದಾ ಹಸಿಯಾಗಿಡುತ್ತದೆ, ಮೇಲೆ ಅತಿ, ಕೆಳಗೆ ಕೊರತೆ: ಎರಡೂ ಕೆಡುಕು ಒಟ್ಟಿಗೆ.

ಮಣ್ಣಿನ ವಿಷಯದಲ್ಲಿ ನಮ್ಮ ನರ್ಸರಿಗಳ ಅಭ್ಯಾಸ ಈ ಗಿಡಗಳಿಗೆ ಹೊಂದುವುದಿಲ್ಲ. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಗಿಡ ಮಾರುವವರಿಗೆ ಅನುಕೂಲ: ಹಗುರ, ಸಾಗಿಸುವುದು ಸುಲಭ, ಎರಡು ದಿನ ನೀರು ಮರೆತರೂ ಗಿಡ ಬಾಡುವುದಿಲ್ಲ. ಅದೇ ಗುಣ ಮಳೆಗಾಲದಲ್ಲಿ ನಿಮ್ಮ ಮನೆಯಲ್ಲಿ ವಿಷ. ತಂದ ಗಿಡವನ್ನು ಬೇರಿನ ಉಂಡೆ ಸಮೇತ ಹೊಸ ಕುಂಡಕ್ಕೆ ಇಳಿಸಿದರೆ ಒಳಗಿನ ಕೋಕೋಪೀಟ್ ಉಂಡೆ ಒದ್ದೆ ಸ್ಪಂಜಿನಂತೆ ಹಾಗೇ ಉಳಿಯುತ್ತದೆ. ಬೆರಳಿನಿಂದ ಮೆಲ್ಲಗೆ ಬಿಡಿಸಿ, ಬಿಡದಿದ್ದರೆ ಬಕೆಟ್ ನೀರಿನಲ್ಲಿ ಅದ್ದಿ ಅಲ್ಲಾಡಿಸಿ ತೆಗೆಯಿರಿ. ಇದನ್ನು ನವೆಂಬರ್‌ನಲ್ಲಿ ಮಾಡಿ, ಮಳೆಗಾಲದಲ್ಲಿ ಬೇಡ.

ಮಿಶ್ರಣಕ್ಕೆ ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಜರಡಿ ಹಿಡಿದ ಕಾಂಪೋಸ್ಟು, ಎರಡು ಪಾಲು ಕಾಳುಮೆಣಸಿನ ಗಾತ್ರದ ಜಲ್ಲಿ ಅಥವಾ ಕುಟ್ಟಿದ ಹೆಂಚಿನ ಚೂರು. ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಹಾಕುವುದಾದರೆ ತೊಳೆದು ಹಾಕಿ, ಅದರ ಸಣ್ಣ ಧೂಳು ಸಿಮೆಂಟಿನಂತೆ ಕೂರುತ್ತದೆ. ಕಲಸಿ, ನೀರು ಚಿಮುಕಿಸಿ ಮುಷ್ಟಿಯಲ್ಲಿ ಹಿಡಿಯಿರಿ. ರಾಗಿಮುದ್ದೆಯಂತೆ ಉಂಡೆ ಕಟ್ಟಿದರೆ ಇನ್ನಷ್ಟು ಜಲ್ಲಿ ಬೇಕು. ಉದುರುದುರು ಉಪ್ಪಿಟ್ಟಿನಂತೆ ಬಿದ್ದರೆ ಸರಿ. ಜಲ್ಲಿಯನ್ನು ಮಣ್ಣಿಗೆ ಕಲಸಬೇಕೇ ಹೊರತು ಕುಂಡದ ತಳಕ್ಕೆ ಹಾಸುವುದರಿಂದ ಉಪಯೋಗವಿಲ್ಲ. ನಮ್ಮಮ್ಮಂದಿರ ಕಾಲದಿಂದ ಹಾಸುತ್ತ ಬಂದಿದ್ದೇವೆ, ಗೊತ್ತು. ಆದರೆ ಸಣ್ಣ ಕಣದ ಮಣ್ಣು ಪೂರ್ತಿ ನೆನೆದು ತುಂಬುವ ತನಕ ಕೆಳಗಿನ ಕಲ್ಲಿಗೆ ನೀರು ಬಿಡುವುದೇ ಇಲ್ಲ. ಒದ್ದೆ ಪದರ ಬೇರಿಗೆ ಇನ್ನೂ ಹತ್ತಿರ ಬರುತ್ತದೆ ಅಷ್ಟೇ. ಪಾತ್ರೆ ತೊಳೆಯುವ ಸ್ಪಂಜನ್ನು ನೆನೆಸಿ ಅಡ್ಡಡ್ಡ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿ: ಮತ್ತೆ ಒಂದಷ್ಟು ನೀರು ಇಳಿಯುತ್ತದೆ. ಅಗಲದ ಕುಂಡಕ್ಕಿಂತ ಎತ್ತರದ ಕುಂಡ ಒಳ್ಳೆಯದು ಅನ್ನುವುದು ಇದಕ್ಕೇ. ಪಿಂಗಾಣಿಯೂ ಬೇಡ, ಪ್ಲಾಸ್ಟಿಕ್ಕೂ ಬೇಡ. ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನ್‌ನಲ್ಲಿ ಸುಟ್ಟ ಮಣ್ಣಿನ ಸಾದಾ ಕುಂಡ ಸಿಗುತ್ತದೆ, ಅದರ ಗೋಡೆಯೇ ನೀರು ಆರಿಸುತ್ತದೆ.

ಬೋರ್‌ವೆಲ್ ನೀರಿನ ಗಡಸುತನಕ್ಕೆ ಹೆದರಬೇಡಿ, ಇವು ಸುಣ್ಣಕಲ್ಲಿನ ಗುಡ್ಡಗಳ ಗಿಡಗಳು. ಆದರೆ ಗಡಸು ತೆಗೆಯುವ ಸಾಫ್ಟನರ್ ಯಂತ್ರ ದಾಟಿ ಬಂದ ನೀರಿನಲ್ಲಿ ಸೋಡಿಯಂ ಇರುತ್ತದೆ, ಆರ್‌ಓ ಯಂತ್ರ ಹೊರಬಿಡುವ ನೀರಿನಲ್ಲಿ ಉಪ್ಪು ಮಂದವಾಗಿರುತ್ತದೆ, ಎರಡೂ ಬೇಡ. ಗೊಬ್ಬರ ನವೆಂಬರ್‌ನಲ್ಲೊಮ್ಮೆ, ಜನವರಿಯಲ್ಲೊಮ್ಮೆ ಒಂದು ಹಿಡಿ ಕಾಂಪೋಸ್ಟು, ಸಾಕು. ಮಳೆಗಾಲದಲ್ಲಿ ಒಳಗಿರುವಾಗ ದಿನಕ್ಕೆ ಒಂದೆರಡು ಗಂಟೆ ಫ್ಯಾನಿನ ಗಾಳಿ ತಾಗಲಿ, ಇಲ್ಲದಿದ್ದರೆ ಎಲೆಗೆ ಬೂದಿ ರೋಗ ಬರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಎಲೆಯಡಿ ನುಸಿ ಕಂಡರೆ ಸಿಂಕಿನಲ್ಲಿ ಮಲಗಿಸಿ ನೀರು ರಾಚಿ ತೊಳೆಯಿರಿ.

ಯಾವ ಗಿಡ ಎಂಬುದರಲ್ಲಿ ನನಗೆ ಪಕ್ಷಪಾತ ಇದೆ, ಮುಚ್ಚಿಡುವುದಿಲ್ಲ.

ಲ್ಯಾವೆಂಡರ್ ಕೊಳ್ಳುವಾಗ ಚಿತ್ರದಲ್ಲಿರುವ ನೇರಳೆ ಹೊಲ ಮರೆತುಬಿಡಿ. ಆ ಜಾತಿಗೆ, ಅಂದರೆ ಅಂಗುಸ್ಟಿಫೋಲಿಯಾಕ್ಕೆ, ಚೆನ್ನಾಗಿ ಹೂ ಬಿಡಲು ಒಳ್ಳೆಯ ಚಳಿ ಬೇಕು. ನಮ್ಮ ಊರಿಗೆ ಡೆಂಟಾಟಾ ಎಂಬ ಜಾತಿ ಆಗಬಹುದು. ಎಲೆಯಂಚು ಗರಗಸದ ಹಲ್ಲಿನಂತಿರುತ್ತದೆ, ನರ್ಸರಿಯಲ್ಲಿ ಹೆಸರು ಕೇಳುವುದಕ್ಕಿಂತ ಎಲೆ ಮುಟ್ಟಿ ನೋಡುವುದು ವಾಸಿ. ಹೂ ಮುಗಿದ ಮೇಲೆ ಹಸಿರು ಭಾಗದಲ್ಲೇ ಕತ್ತರಿಸಿ, ಬಲಿತ ಕಟ್ಟಿಗೆಗೆ ಕತ್ತರಿ ಹಾಕಿದರೆ ಅಲ್ಲಿ ಮತ್ತೆ ಚಿಗುರುವುದು ಅಪರೂಪ. ಅಂದಹಾಗೆ ಲ್ಯಾವೆಂಡರ್ ಕುಲ ಪೂರ್ತಿ ಪರದೇಶಿಯಲ್ಲ. ಬೈಪಿನ್ನಾಟಾ ಎಂಬ ಕಾಡು ಲ್ಯಾವೆಂಡರ್ ನಮ್ಮ ದಖ್ಖನ್ನಿನದೇ.

ಆಲಿವ್ ಕಾಯಿ ಬಿಡುವುದಿಲ್ಲ. ಹೂ ಮೊಗ್ಗಾಗಲು ಅದಕ್ಕೆ ವಾರಗಟ್ಟಲೆ ಚಳಿ ಬೇಕು, ಬೆಂಗಳೂರಿನ ಡಿಸೆಂಬರ್ ಸಾಲದು. ಎಲೆಗೋಸ್ಕರ ಸಾಕುವುದಾದರೆ ಸಾಕಿ, ಅದರ ಬೆಳ್ಳಿ ಬಣ್ಣ ನನಗೂ ಇಷ್ಟ. ಮಲ್ಲಿಗೆ, ಪಾರಿಜಾತಗಳ ಕುಟುಂಬದ್ದೇ ಅದು. ಎಲೆ ಉದುರುತ್ತಿರುವುದು ಬೆಳಕು ಸಾಲದೆ, ಸತ್ತಿಲ್ಲ. ಒಂದು ಕೊಂಬೆಯನ್ನು ಉಗುರಿನಿಂದ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಈಗಲೇ ಪೂರ್ವದ ಬಾಲ್ಕನಿಗೆ ಕೊಂಡೊಯ್ಯಿರಿ. ಎಲೆ ಕಡಿಮೆಯಾದ ಗಿಡ ನೀರೂ ಕಡಿಮೆ ಕುಡಿಯುತ್ತದೆ ಎಂಬುದು ನೆನಪಿರಲಿ.

ಮನೆಯೊಳಗೆ ನಿಜವಾಗಿ ಬಾಳುವುದು ಬೇ ಲಾರೆಲ್, ಮೆಡಿಟರೇನಿಯನ್ ಅಡುಗೆಗೆ ಹಾಕುವ ಪರಿಮಳದ ಎಲೆಯ ಗಿಡ. ಅರ್ಧ ನೆರಳನ್ನೂ ಸಹಿಸುತ್ತದೆ, ನಿಧಾನ ಬೆಳೆಯುತ್ತದೆ, ಕತ್ತರಿಸಿದ ಆಕಾರಕ್ಕೆ ನಿಲ್ಲುತ್ತದೆ. ನಮ್ಮ ಪಲಾವ್ ಎಲೆಯನ್ನೇ ಬೇ ಎಂದು ಮಾರುವವರಿದ್ದಾರೆ. ಪಲಾವ್ ಎಲೆಯಲ್ಲಿ ಬುಡದಿಂದ ತುದಿಗೆ ಮೂರು ನರ ಉದ್ದಕ್ಕೆ ಓಡುತ್ತವೆ; ಬೇ ಎಲೆಗೆ ನಡುವೆ ಒಂದೇ ನರ, ಅದರಿಂದ ಪಕ್ಕಕ್ಕೆ ಕವಲು. ಕೇಪ್ ಕಡೆಯ ಪರಿಮಳದ ಜಿರೇನಿಯಂ ಇನ್ನೂ ಸುಲಭ, ಎಲೆ ಸವರಿದರೆ ಗುಲಾಬಿಯ ವಾಸನೆ, ಕಡ್ಡಿ ಚುಚ್ಚಿದರೆ ಬೇರು. ಕಣಗಿಲೆಯೂ ಮೆಡಿಟರೇನಿಯನ್ ಕಡೆಯ ಗಿಡವೇ, ಆದರೆ ಇಡೀ ಗಿಡ ವಿಷ; ಮಕ್ಕಳಿರುವ ಮನೆಯೊಳಗೆ ಬೇಡ.

ಸತ್ತ ರೋಸ್‌ಮರಿ ಬದಲು ನವೆಂಬರ್‌ನಲ್ಲಿ ಹೊಸದು ತನ್ನಿ, ಜನವರಿ ತನಕ ಕಾಯಬೇಡಿ. ಬೇರೂರಲು ನಾಲ್ಕೈದು ತಿಂಗಳು ಸಿಗಬೇಕು. ಅದೇ ತಿಂಗಳಲ್ಲಿ ನಾಲ್ಕಂಗುಲದ ಎಳೆ ತುದಿ ನಾಲ್ಕು ಮುರಿದು, ಕೆಳಗಿನ ಎಲೆ ಉದುರಿಸಿ, ಒದ್ದೆ ಮರಳಿಗೆ ಚುಚ್ಚಿಡಿ. ಸಂಕ್ರಾಂತಿ ಹೊತ್ತಿಗೆ ಒಂದೆರಡಕ್ಕಾದರೂ ಬೇರು ಬಂದಿರುತ್ತದೆ. ಮುಂದಿನ ಆಷಾಢದಲ್ಲಿ ಒಂದು ಹೋದರೂ ಇನ್ನೊಂದು ಇರಲಿ ಅಂತ.

ಇನ್ನು ನಿಮ್ಮತ್ತೆಯವರ ಮಾತು. ಅವರು ಹೇಳುವುದರಲ್ಲಿ ಹುರುಳಿದೆ. ಪಿಜ್ಜಾ ಮೇಲಿನ ಒರೆಗಾನೋಗೂ ಅವರ ದೊಡ್ಡಪತ್ರೆ ತಂಬುಳಿಗೂ ವಾಸನೆ ಹತ್ತಿರ ಬರುವುದು ಕಾರ್ವಕ್ರಾಲ್ ಎಂಬ ಒಂದೇ ವಸ್ತುವಿನಿಂದ. ಥೈಮ್‌ನ ಥೈಮಾಲ್ ಓಮದಲ್ಲೂ ಇದೆ. ಆದರೆ ಅವರಿಗೆ ಇದನ್ನೂ ಹೇಳಿ: ಕನಕಾಂಬರದ ಜೊತೆ ಸೇರಿಸಿ ಕಟ್ಟಿ ಅವರು ಮುಡಿಯುವ ಮರುಗ ಇದೆಯಲ್ಲ, ಅದು ಒರೆಗಾನೋದ ಖಾಸಾ ತಂಗಿ, ಮಾರ್ಜೋರಂ. ಅದರ ತವರು ಸೈಪ್ರಸ್, ಟರ್ಕಿಯ ದಕ್ಷಿಣ ಭಾಗ. ನೀವು ಲಾಲ್‌ಬಾಗ್‌ನಿಂದ ಹೊತ್ತು ತಂದ ಮೆಡಿಟರೇನಿಯನ್ ಅವರ ಜಡೆಯಲ್ಲಿ ಎಷ್ಟೋ ಕಾಲದಿಂದ ಇದೆ. ಅದರ ಪಕ್ಕದಲ್ಲೇ ಮಾರುವ ದವನ ನಮ್ಮದೇ ನೆಲದ್ದು, ಆದರೂ ರೈತರು ಅದನ್ನು ಬಿತ್ತುವುದು ಮಳೆ ಕಳೆದು ಚಳಿ ಹಿಡಿದ ಮೇಲೆ.

ನವೆಂಬರ್‌ನಲ್ಲಿ ಗಾಂಧಿಬಜಾರ್ ಕಡೆ ಹೋದಾಗ ಬೆಳಗ್ಗೆ ಬೇಗ ಹೋಗಿ, ಹೂವಿನವರ ಬುಟ್ಟಿಯಿಂದ ಬಾಡದ ಮರುಗದ ಒಂದು ಹಿಡಿ ಆರಿಸಿ ತನ್ನಿ. ಕಡ್ಡಿ ಗಟ್ಟಿಯಿರುವ ಐದಾರನ್ನು ಒದ್ದೆ ಮರಳಿಗೆ ಚುಚ್ಚಿ, ಉಳಿದದ್ದು ಅತ್ತೆಗೆ. ಬೇರು ಬಂದರೆ ಕುಂಡವನ್ನು ಅಡುಗೆಮನೆಯ ಪೂರ್ವದ ಕಿಟಕಿಯಲ್ಲಿಡಿ. ದಕ್ಷಿಣದ ಕಿಟಕಿಕಟ್ಟೆ ಫೆಬ್ರವರಿ ತನಕ ಹೊಸ ರೋಸ್‌ಮರಿಗೆ ಬೇಕಾಗುತ್ತದೆ.